ಆಗ್ರಾ ಕೋಟೆಗೆ ಮೂರು ಗಂಟೆ ಕೊಡಿ: ಪ್ರವಾಸ ಸಂಸ್ಥೆಗಳಿಗೊಂದು ಬಹಿರಂಗ ಪತ್ರ

ಉತ್ತರ ಭಾರತ ಪ್ರವಾಸ ಏರ್ಪಡಿಸುವ ಕರ್ನಾಟಕದ ಸಂಸ್ಥೆಗಳ ಮಾಲೀಕರಿಗೆ, ಬಸ್ಸಿನಲ್ಲಿ ಮೈಕು ಹಿಡಿಯುವ ಟೂರ್ ಮ್ಯಾನೇಜರುಗಳಿಗೆ, ಮುಂಗಡ ಕಟ್ಟಿ ಸೀಟು ಹಿಡಿದಿರುವ ಪ್ರಯಾಣಿಕರಿಗೂ,

ನಮಸ್ಕಾರ.

ನಿಮ್ಮ ಕರಪತ್ರಗಳಲ್ಲಿ ಆಗ್ರಾದ ದಿನ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಳಿಗ್ಗೆ ಮಥುರಾ, ಮಧ್ಯಾಹ್ನ ತಾಜ್‌ಮಹಲ್, ಊಟ, ಆಗ್ರಾ ಕೋಟೆ ಮುಕ್ಕಾಲು ಗಂಟೆ, ಆಮೇಲೆ ಶಾಪಿಂಗ್, ರಾತ್ರಿ ದೆಹಲಿ. ಶಾಪಿಂಗ್ ಎಂದರೆ ಅಮೃತಶಿಲೆಯ ಅಂಗಡಿ. ಅಲ್ಲಿ ಟೀ ಕೊಡುತ್ತಾರೆ, ಫ್ಯಾನು ಹಾಕುತ್ತಾರೆ, ಒಂದೂವರೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಅಮೃತಶಿಲೆಯ ಅರಮನೆಗೆ ಮುಕ್ಕಾಲು ಗಂಟೆ, ಅಮೃತಶಿಲೆಯ ಪೇಪರ್‌ವೇಟಿಗೆ ಅದರ ಎರಡರಷ್ಟು! ಈ ಲೆಕ್ಕವನ್ನು ತಿರುಗಿಸಿ ಎಂಬುದೊಂದೇ ಈ ಪತ್ರದ ಬೇಡಿಕೆ. ಕೋಟೆಗೆ ಮೂರು ಗಂಟೆ ಬೇಕು. ಆ ಮೂರು ಗಂಟೆಯಲ್ಲಿ ಏನು ನೋಡಬೇಕು, ಯಾವ ಹೊತ್ತಿನಲ್ಲಿ ನೋಡಬೇಕು, ಜನ ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ. ಹಾಗೇ ನಕಲು ಮಾಡಿ ಬಸ್ಸಿನಲ್ಲಿ ಓದಿದರೂ ನಮ್ಮ ಅಭ್ಯಂತರವಿಲ್ಲ.

ಮೊದಲು ಹೊತ್ತಿನ ವಿಚಾರ. ತಾಜ್ ಮತ್ತು ಕೋಟೆ ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಬೇಡಿ. ರಾತ್ರಿ ಆಗ್ರಾದಲ್ಲೇ ತಂಗುವಂತೆ ಮಾಡಿ, ಮೊದಲ ದಿನ ಮಧ್ಯಾಹ್ನ ಕೋಟೆ, ಮರುದಿನ ಸೂರ್ಯೋದಯಕ್ಕೆ ತಾಜ್ ಇಟ್ಟುಕೊಳ್ಳಿ. ಇದಕ್ಕೆ ಕಾರಣ ಬೆಳಕು. ಕೋಟೆಯೊಳಗಿನ ಜಹಾಂಗೀರಿ ಮಹಲಿನ ಮುಖ ಪಶ್ಚಿಮಕ್ಕಿದೆ. ಬೆಳಿಗ್ಗೆ ಹೋದರೆ ಅದು ತನ್ನದೇ ನೆರಳಿನಲ್ಲಿ ಮಂಕಾಗಿ ನಿಂತಿರುತ್ತದೆ. ಮೂರು ಗಂಟೆಯ ಬಿಸಿಲು ಓರೆಯಾಗಿ ಬಿದ್ದಾಗಲೇ ಕೆತ್ತನೆ ಎದ್ದು ಕಾಣುವುದು. ಕೋಟೆಯಿಂದ ತಾಜ್ ಕಾಣುವುದು ಆಗ್ನೇಯ ದಿಕ್ಕಿಗೆ, ಸುಮಾರು ಎರಡೂವರೆ ಕಿಲೋಮೀಟರು ಆಚೆ. ಬೆಳಿಗ್ಗೆ ಸೂರ್ಯ ಅದರ ಬೆನ್ನ ಹಿಂದಿರುತ್ತಾನಾದ್ದರಿಂದ ಬರೀ ಆಕಾರ ಕಾಣುತ್ತದೆ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಅದೂ ಕಾಣುವುದಿಲ್ಲ. ಚಳಿಗಾಲದಲ್ಲಿ ಐದೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ, ಕೋಟೆಯೂ ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಹಾಗಾಗಿ ಮಧ್ಯಾಹ್ನ ಎರಡಕ್ಕೆ ಬಾಗಿಲಲ್ಲಿರಬೇಕು. ಏಪ್ರಿಲಿನಿಂದ ಜೂನ್‌ವರೆಗೆ ಈ ಲೆಕ್ಕ ನಡೆಯುವುದಿಲ್ಲ. ಆಗ ಮಧ್ಯಾಹ್ನದ ಕಲ್ಲು ಕಾದ ಹೆಂಚು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಒಂಬತ್ತರೊಳಗೆ ಹೊರಬರಬೇಕು, ಬೆಳಕಿನ ಆಸೆ ಬಿಡಬೇಕು.

ಶುಕ್ರವಾರ ತಾಜ್ ರಜೆ, ಕೋಟೆಗೆ ರಜೆಯಿಲ್ಲ. ಇದು ಗೊತ್ತಿದ್ದೂ ಶುಕ್ರವಾರವೇ ಆಗ್ರಾಕ್ಕೆ ಬಸ್ಸು ತಂದು, ನದಿಯಾಚೆಯಿಂದ ತಾಜ್ ತೋರಿಸಿ ವಾಪಸ್ಸು ಹೊರಡುವ ತಂಡಗಳಿವೆ. ಶುಕ್ರವಾರವೇ ಬರುವುದಾದರೆ ಅಂದು ಕೋಟೆ, ಶನಿವಾರ ಬೆಳಿಗ್ಗೆ ತಾಜ್. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರು ದೆಹಲಿಗೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕಾಗಿಲ್ಲ, ಆಗ್ರಾ ಕ್ಯಾಂಟಿನಲ್ಲೇ ಇಳಿಯಬಹುದು.

ಇನ್ನು ಕೋಟೆ. ಇದನ್ನು ನೋಡದೆ ತಾಜ್ ಒಂದನ್ನೇ ನೋಡಿದವರಿಗೆ ಅಷ್ಟು ಬಿಳುಪು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಇಲ್ಲಿ ಒಂದೇ ಗೋಡೆಯೊಳಗೆ ತಾತನ ಕೆಂಪು, ಮೊಮ್ಮಗನ ಬಿಳುಪು ಎರಡೂ ಅಕ್ಕಪಕ್ಕ ಇವೆ. ಬಾದಲಗಢ ಎಂಬ ಹಳೆಯ ಇಟ್ಟಿಗೆ ಕೋಟೆ ಇದ್ದ ಜಾಗದಲ್ಲಿ ಅಕ್ಬರ್ 1565ರಲ್ಲಿ ಹೊಸದನ್ನು ಶುರುಮಾಡಿದ; ಎಂಟು ವರ್ಷದಲ್ಲಿ, 1573ರ ಹೊತ್ತಿಗೆ ಮುಗಿಯಿತು. ಉಸ್ತುವಾರಿ ಕಾಸಿಂ ಖಾನನದು. ಬಿಲ್ಲಿನ ಆಕಾರದ ಕೋಟೆ. ಯಮುನೆಯ ಕಡೆಗೆ ಬಿಲ್ಲಿನ ಹೆದೆ, ಊರಿನ ಕಡೆಗೆ ಬಾಗು. ಸುತ್ತಳತೆ ಸುಮಾರು ಎರಡೂವರೆ ಕಿಲೋಮೀಟರು, ಗೋಡೆಯ ಎತ್ತರ ಸುಮಾರು 70 ಅಡಿ. ಒಳಗೆ ಬಂಗಾಳ, ಗುಜರಾತ್ ಶೈಲಿಯ 500ಕ್ಕೂ ಹೆಚ್ಚು ಕಟ್ಟಡಗಳಿದ್ದವು ಎಂದು ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಬರೆದಿದ್ದಾನೆ. ಅವುಗಳಲ್ಲಿ ಕೆಲವನ್ನು ಮೊಮ್ಮಗ ಷಹಜಹಾನನೇ ಕೆಡವಿಸಿ ಅಮೃತಶಿಲೆಯವನ್ನು ಕಟ್ಟಿಸಿದ; ಮಿಕ್ಕವುಗಳಲ್ಲಿ ಬಹುಪಾಲನ್ನು ಬ್ಯಾರಕ್ಕುಗಳಿಗಾಗಿ ಬ್ರಿಟಿಷರು ಕೆಡವಿದರು. ಉಳಿದದ್ದರಲ್ಲೂ ಉತ್ತರದ ದೊಡ್ಡ ಭಾಗ ಸೇನೆಯ ಬಳಕೆಯಲ್ಲಿದೆ. ಕೋಟೆಯ ನಿಜವಾದ ಹೆಬ್ಬಾಗಿಲು, ಊರಿನ ಕಡೆಗೆ ಮುಖ ಮಾಡಿರುವ ದಿಲ್ಲಿ ದರ್ವಾಜ, ಆ ಭಾಗದಲ್ಲಿರುವುದರಿಂದ ಪ್ರವಾಸಿಗರಿಗೆ ಅದು ಮುಚ್ಚಿದೆ. ನಾವು ಒಳಹೋಗುವುದು ದಕ್ಷಿಣದ ಅಮರಸಿಂಗ್ ಬಾಗಿಲಿನಿಂದ. 1644ರಲ್ಲಿ ಆಸ್ಥಾನದಲ್ಲೇ ಬಕ್ಷಿ, ಅಂದರೆ ಸೇನೆಯ ಸಂಬಳ ನೋಡಿಕೊಳ್ಳುವ ಅಧಿಕಾರಿ, ಸಲಾಬತ್ ಖಾನನನ್ನು ಇರಿದು, ತಾನೂ ಪ್ರಾಣ ಕಳೆದುಕೊಂಡ ರಾಠೋಡ ಸರದಾರನ ಹೆಸರು ಅದಕ್ಕೆ.

ಈ ಬಾಗಿಲಿನಲ್ಲೇ ಹದಿನೈದು ನಿಮಿಷ ನಿಲ್ಲಿಸಿ. ತಂಡಗಳು ಇಲ್ಲಿ ತಲೆ ಎಣಿಸಿ ಒಳಗೆ ನುಗ್ಗುತ್ತವೆ, ತಲೆ ಎತ್ತಿ ನೋಡುವವರಿಲ್ಲ. ಚಿತ್ರದುರ್ಗದ ಸುತ್ತುಗಳನ್ನು ಹತ್ತಿದವರಿಗೆ ಇಲ್ಲಿಯ ಉಪಾಯ ಥಟ್ಟನೆ ಹೊಳೆಯುತ್ತದೆ. ಕಂದಕ ದಾಟಿ ಮೊದಲ ಬಾಗಿಲು ಹೊಕ್ಕರೆ ದಾರಿ ನೇರ ಹೋಗದೆ ಮುರಿಯುತ್ತದೆ. ಬಾಗಿಲು ಒಡೆಯಲು ಬಂದ ಆನೆಗೆ ಓಡಿ ಬಂದು ಗುದ್ದುವಷ್ಟು ಜಾಗ ಸಿಗಬಾರದು ಎಂಬುದು ಲೆಕ್ಕ. ಒಳಬಾಗಿಲಿನ ಮೈಮೇಲೆ ನೀಲಿ, ಹಳದಿ, ಹಸಿರು ಮೆರುಗಿನ ಹೆಂಚಿನ ತುಣುಕುಗಳು ಇನ್ನೂ ಅಂಟಿಕೊಂಡಿವೆ. ಬಿಸಿಲು ಬಿದ್ದಾಗ ಅವು ಮಿಂಚುವುದನ್ನು ನೋಡಿ, ಇಡೀ ಮುಖ ಹಾಗೇ ಇದ್ದ ಕಾಲವನ್ನು ಊಹಿಸಿಕೊಳ್ಳಬಹುದು. ಅದರಾಚೆ ಎರಡು ಎತ್ತರದ ಗೋಡೆಗಳ ನಡುವೆ ಉದ್ದನೆಯ ಇಳಿಜಾರು. ಮೆಟ್ಟಿಲಿಲ್ಲ, ಕುದುರೆ ಆನೆಗಳು ಹತ್ತಲೆಂದು ಮಾಡಿದ್ದು. ಮಂಡಿ ನೋವಿನವರಿಗೆ ಹತ್ತುವಾಗಿನದಕ್ಕಿಂತ ಇಳಿಯುವಾಗ ಕಷ್ಟ. ಸವೆದ ಕಲ್ಲಿನ ಮೇಲೆ ಚರ್ಮದ ಚಪ್ಪಲಿ ಜಾರುತ್ತದೆ. ಹಿರಿಯರಿಗೆ ರಬ್ಬರು ತಳದ ಪಾದರಕ್ಷೆ ಹಾಕಿಕೊಳ್ಳಲು ಹಿಂದಿನ ರಾತ್ರಿಯೇ ಹೇಳಬೇಕು. ಶೌಚಾಲಯದ ಕೆಲಸವನ್ನೂ ಏರುವ ಮೊದಲೇ ಮುಗಿಸಿಕೊಂಡರೆ ತಂಡ ಚದುರುವುದಿಲ್ಲ.

ಹತ್ತುವಾಗ ಎಡಬಲದ ಗೋಡೆಗಳನ್ನು ನೋಡುತ್ತ ಹೋಗಿ. ಇದು ಬಾದಾಮಿ, ಐಹೊಳೆಗಳಲ್ಲಿ ನಾವು ಕಂಡ ಜಾತಿಯದೇ ಕಲ್ಲು, ಮರಳುಗಲ್ಲು. ಆದರೆ ಅಲ್ಲಿ ಬೆಟ್ಟವನ್ನೇ ಕೊರೆದಿದ್ದಾರೆ, ಇಲ್ಲಿ ಒಳಗೆ ಇಟ್ಟಿಗೆ ಗಾರೆ ತುಂಬಿ ಹೊರಮೈಗೆ ಕಲ್ಲಿನ ಹೊದಿಕೆ ಹೊದಿಸಿದ್ದಾರೆ. ಕಲ್ಲು ಕಲ್ಲಿಗೆ ಕಬ್ಬಿಣದ ಕೊಂಡಿ. ಸಂದಿನಲ್ಲಿ ಕೂದಲೂ ತೂರದು ಎಂದು ಅಬುಲ್ ಫಜಲ್ ಹೊಗಳಿದ್ದು ಈ ಜೋಡಣೆಯನ್ನೇ. ನಾಲ್ಕೂವರೆ ಶತಮಾನದ ಮೇಲೆ ಕೋಟೆಯ ಕಾಯಿಲೆಯೂ ಅಲ್ಲಿಂದಲೇ ಹುಟ್ಟುತ್ತದೆ. ಮಳೆ ನೀರು ಸಂದಿಗಿಳಿದು ಕೊಂಡಿಗೆ ತುಕ್ಕು ಹಿಡಿದರೆ, ಆ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಅದು ಒಳಗಿನಿಂದ ಒತ್ತಿ ಕಲ್ಲಿನ ಮೂಲೆಯನ್ನು ಸಿಡಿಸುತ್ತದೆ. ಗೋಡೆಯಲ್ಲಿ ತ್ರಿಕೋನಾಕಾರದ ಚಕ್ಕೆ ಎದ್ದಿದ್ದರೆ ಅದರ ಹಿಂದೆ ಕೊಂಡಿ ಇರುವ ಸಂಭವ ಹೆಚ್ಚು. ದುರಸ್ತಿ ಮಾಡುವಾಗ ಈಗ ತುಕ್ಕು ಹಿಡಿಯದ ಉಕ್ಕು ಅಥವಾ ತಾಮ್ರ ಬಳಸುವುದು ಇದಕ್ಕೇ.

ಎರಡನೆಯ ಕಾಯಿಲೆ ಪದರ ಬಿಡುವುದು. ಮರಳುಗಲ್ಲು ಎಂದರೆ ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತ ಮರಳು. ಪುಸ್ತಕವನ್ನು ಮಲಗಿಸಿದಂತೆ ಕಲ್ಲಿಟ್ಟರೆ ಮೇಲಿನ ಭಾರಕ್ಕೆ ಹಾಳೆಗಳು ಒತ್ತಿಕೊಂಡು ಭದ್ರವಾಗಿರುತ್ತವೆ. ಹೊದಿಕೆಗೆಂದು ತೆಳುವಾಗಿ ಸೀಳಿ ನಿಲ್ಲಿಸಿದರೆ ಹಾಳೆಯ ಮುಖ ಹೊರಗೆ ಬರುತ್ತದೆ. ನೆಲದಿಂದ ಏರಿದ ತೇವ ಉಪ್ಪನ್ನು ಹೊತ್ತು ತರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಹಾಳೆಗಳ ನಡುವೆ ಉಬ್ಬುತ್ತದೆ, ಹಾಳೆ ಉದುರುತ್ತದೆ. ಗೋಡೆಯ ಬುಡದಿಂದ ಮೂರು ನಾಲ್ಕು ಅಡಿಯವರೆಗೆ ಕಲ್ಲು ಕಿತ್ತ ಹಪ್ಪಳದಂತಿದ್ದರೆ ಇದೇ ಕಾರಣ. ಅಂಥ ಕಡೆ ಸಿಮೆಂಟು ಮೆತ್ತಿದರೆ ಇನ್ನೂ ಕೇಡು. ಸಿಮೆಂಟು ತೇವವನ್ನು ಹೊರಬಿಡದು, ಅದು ಪಕ್ಕದ ಮೆತ್ತನೆಯ ಕಲ್ಲಿಗೆ ತಿರುಗುತ್ತದೆ, ತೇಪೆ ಗಟ್ಟಿಮುಟ್ಟಾಗಿ ಉಳಿದು ಸುತ್ತಲ ಕಲ್ಲು ಪುಡಿಯಾಗುತ್ತದೆ. ಸುಣ್ಣದ ಗಾರೆಯೇ ಆಗಬೇಕು: ಹದವಾಗಿ ಕೊಳೆಸಿದ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ, ಬೆಲ್ಲದ ನೀರು, ಬಿಲ್ವದ ಕಾಯಿಯ ತಿರುಳು, ಉದ್ದಿನ ನೀರು. ಅಳಲೆಕಾಯಿ, ಬೆಲ್ಲ ಹಾಕಿ ಅರೆದ ನಮ್ಮ ಹಳೆಯ ಮನೆಗಳ ಗಾರೆಗೆ ಇದು ಹತ್ತಿರದ ನೆಂಟ. ಆದ್ದರಿಂದ ಮೈಕಿನಲ್ಲಿ ಒಂದು ಮಾತು ಹೇಳಿ: ಗೋಡೆಗೆ ಬೆನ್ನು ಕೊಟ್ಟು ಕೂರಬೇಡಿ, ಹೆಸರು ಗೀಚಬೇಡಿ. ಗೀಚಿದ್ದನ್ನು ಅಳಿಸಬೇಕೆಂದರೆ ಸುತ್ತಲ ಕಲ್ಲನ್ನೂ ಅಷ್ಟೇ ಆಳಕ್ಕೆ ಉಜ್ಜಬೇಕಾಗುತ್ತದೆ, ಆಗ ಗಟ್ಟಿಯಾದ ಹೊರಮೈಯೇ ಹೋಗುತ್ತದೆ.

ಏರು ಮುಗಿಸಿ ಬಲಕ್ಕೆ ತಿರುಗಿದರೆ ಜಹಾಂಗೀರಿ ಮಹಲು. ಮೂರು ಗಂಟೆಯಲ್ಲಿ ಮುಕ್ಕಾಲು ಗಂಟೆ ಇದೊಂದಕ್ಕೇ ಇಡಿ. ಹೆಸರು ಜಹಾಂಗೀರನದು, ಕಟ್ಟಿಸಿದ್ದು ಅಕ್ಬರ್, ರಾಣಿವಾಸಕ್ಕೆ. ಅಕ್ಬರನ ಕಟ್ಟಡಗಳಲ್ಲಿ ಇಲ್ಲಿ ಗಟ್ಟಿಯಾಗಿ ಉಳಿದಿರುವುದು ಇದೇ. ಎದುರಿಗೆ ಬಟ್ಟಲಿನಾಕಾರದ ದೊಡ್ಡ ಕಲ್ಲಿನ ತೊಟ್ಟಿ ಇದೆ, ಒಂದೇ ಕಲ್ಲಿನದು, ಐದು ಅಡಿ ಎತ್ತರ, ಎಂಟು ಅಡಿ ಅಡ್ಡಳತೆ. ಅಂಚಿನ ಪಾರ್ಸಿ ಬರಹದ ಪ್ರಕಾರ ಜಹಾಂಗೀರ್ 1611ರಲ್ಲಿ ಮಾಡಿಸಿದ್ದು. ಆತ ನೂರ್‌ಜಹಾನಳನ್ನು ಮದುವೆಯಾದ ವರ್ಷವೂ ಅದೇ. ಎಲ್ಲರೂ ಇಲ್ಲಿ ಫೋಟೋ ತೆಗೆಸಿಕೊಂಡು ಮುಂದಿನ ಬಾಗಿಲಿಗೆ ಹೋಗುತ್ತಾರೆ. ಒಳಗೆ ಹೋಗಬೇಕು.

ಹೊರಗೆ ಕಮಾನುಗಳಿದ್ದದ್ದು ಒಳಗೆ ಹೋದಂತೆ ಕಂಬ, ಕಂಬದ ತಲೆಯಿಂದ ಚಾಚಿ ಭಾರ ಹೊರುವ ಬೋದಿಗೆ, ತೊಲೆಗಳಾಗುತ್ತದೆ. ನಡುವಣ ಅಂಗಳದಲ್ಲಿ ನಿಂತು ಲೋವೆಯ ಕೆಳಗೆ ನೋಡಿ. ಬಾಗಿ ಮುಂದಕ್ಕೆ ಚಾಚಿದ ಬೋದಿಗೆಗಳ ಸಾಲೇ ಸಾಲು. ಉತ್ತರದ ಹಜಾರದಲ್ಲಿ ಇದು ತಾರಕಕ್ಕೇರುತ್ತದೆ. ಚಪ್ಪಟೆ ಚಾವಣಿಯನ್ನು ಹೊತ್ತಿರುವುದು ಓರೆಯಾಗಿ ನಿಲ್ಲಿಸಿದ ಕಲ್ಲಿನ ಆನಿಕೆಗಳು, ಅವುಗಳ ಮೈಮೇಲೆ ಹಾವಿನಂತೆ ಬಳುಕುವ ಕೆತ್ತನೆ. ಓರೆ ಆನಿಕೆ ಮರಗೆಲಸದವನ ಜಾಣತನ. ಮರದಲ್ಲಿ ಮಾಡುವುದನ್ನು ಇಲ್ಲಿ ಕಲ್ಲಿನಲ್ಲಿ ಮಾಡಿದ್ದಾರೆ. ಮರಳುಗಲ್ಲು ಉಳಿಗೆ ಸುಲಭವಾಗಿ ಬಗ್ಗುವುದರಿಂದ ಆ ಆಟ ನಡೆದಿದೆ. ಆದರೆ ಮರ ಎಳೆತವನ್ನು ತಡೆದೀತು, ಕಲ್ಲು ತಡೆಯದು. ಉದ್ದನೆಯ ಕಲ್ಲಿನ ತೊಲೆ ನಡುವಿನಲ್ಲಿ, ಅಡಿಯ ಮಗ್ಗುಲಲ್ಲಿ ಬಿರಿಯುತ್ತದೆ. ಆ ಬಿರುಕು ಬರದಂತೆ ತೊಲೆಯ ನೀಳವನ್ನು ಎರಡು ಕಡೆಯಿಂದ ತಗ್ಗಿಸುವುದೇ ಬೋದಿಗೆ, ಆನಿಕೆಗಳ ಕೆಲಸ. ಅಲಂಕಾರ ಅನ್ನಿಸುವುದು ಇಲ್ಲಿ ಊರುಗೋಲು. ಈ ಕೈಗಳು ಗ್ವಾಲಿಯರಿನಲ್ಲಿ ಪಳಗಿದ ಮನೆತನದವು ಎಂಬುದು ಅಲ್ಲಿನ ತೋಮರ ರಾಜ ಮಾನ್‌ಸಿಂಗನ ಅರಮನೆ ನೋಡಿದವರಿಗೆ ಕಾಣುತ್ತದೆ. ಗೈಡು ಇದನ್ನು ಜೋಧಾಬಾಯಿ ಅರಮನೆ ಎಂದರೆ ಹೂಂಗುಟ್ಟಿ ಮುಂದೆ ಹೋಗಿ. ಜಹಾಂಗೀರನ ತಾಯಿಗೆ ಆ ಕಾಲದ ದಾಖಲೆಗಳಲ್ಲಿರುವ ಬಿರುದು ಮರಿಯಂ ಉಜ್ ಜಮಾನಿ.

ಅಲ್ಲಿಂದ ನದಿಯ ಕಡೆಯ ಜಗಲಿಗೆ ಬಂದರೆ ಕಣ್ಣು ಕೋರೈಸುತ್ತದೆ. ಒಂದು ಬಾಗಿಲು ದಾಟುವಷ್ಟರಲ್ಲಿ ಕೆಂಪು ಮುಗಿದು ಬಿಳುಪು. ಚಕ್ರವರ್ತಿಯ ಖಾಸಗಿ ಅರಮನೆ ಖಾಸ್ ಮಹಲು, ಅದರ ಎರಡು ಮಗ್ಗುಲಲ್ಲಿ ಬಾಗಿದ ಮಾಡಿನ ಎರಡು ಮಂಟಪ, ಮುಂದೆ ಅಂಗೂರಿ ಬಾಗ್ ಎಂಬ ತೋಟ. ಷಹಜಹಾನ್ 1631ರಿಂದ 1640ರ ನಡುವೆ ಕಟ್ಟಿಸಿದ್ದು. ಮಂಟಪಗಳ ಬಾಗಿದ ಮಾಡು ಬಂಗಾಳದ ಬಿದಿರು ಗುಡಿಸಲಿನದು. ಬಿದಿರು ಬಗ್ಗಿದಂತೆ ಮಾಡು ಬಗ್ಗಿ, ಮಳೆ ನೀರು ಜಾರಲೆಂದು ಹಳ್ಳಿಯವರು ಮಾಡಿಕೊಂಡದ್ದು ಇಲ್ಲಿ ಚಿನ್ನದ ಮುಲಾಮಿನ ತಾಮ್ರದ ತಗಡು ಹೊದ್ದು ಚಕ್ರವರ್ತಿಯ ಪಕ್ಕ ನಿಂತಿದೆ. ತೋಟದಲ್ಲಿ ಕೆಂಪು ಕಲ್ಲಿನ ಅಂಚುಗಳ ಜ್ಯಾಮಿತಿಯ ಮಡಿಗಳನ್ನು ಮೇಲಿನ ಜಗಲಿಯಿಂದ ನೋಡಬೇಕು. ಕೆಳಗಿಳಿದರೆ ವಿನ್ಯಾಸ ಕಳೆದುಹೋಗುತ್ತದೆ. ಶೀಷ್ ಮಹಲಿಗೆ ಸಾಮಾನ್ಯವಾಗಿ ಬೀಗ. ಕನ್ನಡಿ ಚೂರುಗಳ ಕೋಣೆ ತೋರಿಸುತ್ತೇವೆಂದು ಕರಪತ್ರದಲ್ಲಿ ಅಚ್ಚು ಹಾಕಬೇಡಿ.

ಇಲ್ಲಿಂದ ಉತ್ತರಕ್ಕೆ ನದಿಯ ಮೇಲೆ ಚಾಚಿಕೊಂಡಿರುವುದು ಮುಸಮ್ಮನ್ ಬುರುಜು, ಎಂಟು ಮೂಲೆಯ ಗೋಪುರ. ಒಳಗೆ ಬಿಡದ ದಿನವೂ ತಡೆಯ ಆಚೆಯಿಂದ ನೆಲದಲ್ಲಿ ತೋಡಿದ ಕಾರಂಜಿಯ ಬಟ್ಟಲು, ಗೋಡೆಯ ಹೂವುಗಳು ಕಾಣುತ್ತವೆ. 1658ರ ಜೂನಿನಲ್ಲಿ ಔರಂಗಜೇಬ್ ಕೋಟೆಗೆ ಮುತ್ತಿಗೆ ಹಾಕಿದ. 70 ಅಡಿ ಗೋಡೆ ಹತ್ತುವ ಬದಲು ನದಿಯ ಕಡೆಯ ಖಿಜ್ರಿ ಬಾಗಿಲಿನಲ್ಲಿ ಯಮುನೆಯ ನೀರನ್ನು ತಡೆದ. ಒಳಗಿನ ಬಾವಿಗಳ ನೀರು ಉಪ್ಪು. ಕೆಲವೇ ದಿನದಲ್ಲಿ ಬಾಗಿಲು ತೆರೆಯಿತು. ನೀರಿಲ್ಲದ ಕೋಟೆ ಎಷ್ಟು ದಿನ ನಿಲ್ಲುತ್ತದೆಂದು ಬೆಟ್ಟದ ಮೇಲೂ ಹೊಂಡ ತೋಡಿಕೊಂಡ ನಮ್ಮ ಪಾಳೆಯಗಾರರಿಗೆ ಹೇಳಿಕೊಡಬೇಕಿರಲಿಲ್ಲ. ಮುಂದೆ ಏಳೂವರೆ ವರ್ಷ ಷಹಜಹಾನ್ ಇಲ್ಲೇ ಸೆರೆಯಲ್ಲಿದ್ದು 1666ರ ಜನವರಿಯಲ್ಲಿ ತೀರಿಕೊಂಡ. ನೋಡಿಕೊಂಡವಳು ಮಗಳು ಜಹನಾರಾ. ಕತ್ತಲಕೋಣೆ, ಸಂಕೋಲೆ, ಸಣ್ಣ ವಜ್ರದಲ್ಲಿ ತಾಜ್ ನೋಡುತ್ತಿದ್ದ ಕತೆ ಇವೆಲ್ಲ ಗೈಡುಗಳ ಕೊಡುಗೆ. ಮುಮ್ತಾಜ್ ಈ ಬುರುಜಿನಲ್ಲಿ ಕೂತು ಗಾಳಿ ಸೇವಿಸುತ್ತಿದ್ದಳು ಎಂಬುದೂ ಹಾಗೇ. ಆಕೆ 1631ರಲ್ಲೇ ಬುರ್ಹಾನ್‌ಪುರದಲ್ಲಿ ಹೆರಿಗೆಯಲ್ಲಿ ತೀರಿಹೋಗಿದ್ದಳು.

ಬುರುಜಿನ ಗೋಡೆಗಳಲ್ಲಿ ಹೂವಿನ ಎಸಳುಗಳು ಕೆಲವೆಡೆ ಖಾಲಿ ಇವೆ. ಕಲ್ಲು ಕಿತ್ತವರು ಕಿತ್ತಿದ್ದಾರೆ, ಬೇಸರವೇ. ಆದರೆ ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸುವ ಪರ್ಚಿನ್‌ಕಾರಿ ಹೇಗೆ ಮಾಡುತ್ತಾರೆಂದು ತಿಳಿಯಲು ತುಂಬಿದ ಹೂವಿಗಿಂತ ಈ ಖಾಲಿ ಗುಳಿಯೇ ಒಳ್ಳೆಯ ಮೇಷ್ಟ್ರು. ಗುಳಿ ಬಹಳ ಆಳವಿಲ್ಲ, ಕೆಲವೇ ಮಿಲಿಮೀಟರು. ಅಂಚು ಕತ್ತರಿಸಿದ ಕಾಗದದಷ್ಟು ಚೂಪು. ಆಗ್ರಾದ ಕುಶಲಕರ್ಮಿಗಳು ಇಂದಿಗೂ ಇದನ್ನು ಮಾಡುತ್ತಾರೆ. ಬಿಳಿ ಫಲಕಕ್ಕೆ ಮೊದಲು ಕೆಂಪು ಬಣ್ಣದ ತೆಳು ಲೇಪ ಬಳಿಯುತ್ತಾರೆ. ಮೊನೆಯಿಂದ ಗೀರಿದರೆ ಗೆರೆ ಬೆಳ್ಳಗೆ ಕಾಣಬೇಕಲ್ಲ. ಸಣ್ಣ ಉಳಿಗಳಿಂದ ಗೆರೆಯೊಳಗೆ ತೋಡುತ್ತಾರೆ. ಬಣ್ಣದ ಕಲ್ಲನ್ನು, ಅಂದರೆ ಕೆಂಪು ಹಕೀಕು, ನೀಲಿ ಲಾಜವರ್ದ, ಹಸಿರು ಜೇಡ್ ಇಂಥವನ್ನು, ತೆಳ್ಳಗೆ ಸೀಳಿ, ಕುರುಂದದ ಪುಡಿ ತಾಗಿಸಿದ ಸಾಣೆಯ ಮೇಲೆ ಸವೆಸಿ ಗುಳಿಗೆ ಹೊಂದುವವರೆಗೆ ಕೂರಿಸಿ ನೋಡಿ, ತೆಗೆದು, ಮತ್ತೆ ಸವೆಸುತ್ತಾರೆ. ಒಂದೇ ಹೂವಿಗೆ ಹತ್ತಾರು ತುಂಡು ಬೇಕಾಗಬಹುದು. ಅಂಟು ಹಾಕಿ ಕೂರಿಸಿದ ಮೇಲೆ ಫಲಕ, ಕಲ್ಲು ಎರಡನ್ನೂ ಒಟ್ಟಿಗೆ ಉಜ್ಜುತ್ತಾರೆ. ಬೆರಳಾಡಿಸಿದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯಬಾರದು. (ಕೋಟೆಯಲ್ಲಿ ಬೆರಳಾಡಿಸಬೇಡಿ. ಅಮೃತಶಿಲೆ ಕೈಯೆಣ್ಣೆ ಹೀರುತ್ತದೆ, ಎದೆಯೆತ್ತರದಲ್ಲಿ ಕಾಣುವ ಕಂದು ಪಟ್ಟೆ ಜನರ ಕೈಯದೇ.) ಕಲ್ಲಿನಲ್ಲಿ ಕುಂದಣ ಕೂರಿಸುವ ಈ ಹುಚ್ಚು ಬರೀ ಮೊಗಲರದೆಂದುಕೊಳ್ಳುವುದೂ ಬೇಡ. ನಮ್ಮ ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ್ದು ಬರೀದ್ ಷಾಹಿಗಳ ಕಾಲದಲ್ಲಿ, ಷಹಜಹಾನ್ ಹುಟ್ಟುವ ಮೊದಲು. ಔರಂಗಜೇಬ್ ಇನ್ನೂ ರಾಜಕುಮಾರನಾಗಿದ್ದಾಗ, 1657ರಲ್ಲಿ, ಆ ಕೋಟೆಯನ್ನೂ ಹಿಡಿದ.

ಈ ಗುಳಿಗಳನ್ನು ನೋಡಿದ ಮೇಲೆ ಅಂಗಡಿಗೆ ಹೋದರೆ ನಿಮ್ಮ ಪ್ರಯಾಣಿಕರನ್ನು ಯಾರೂ ಏಮಾರಿಸಲಾರರು. ಆ ಕಾರಣಕ್ಕೇ ಕೆಲವರು ಕೋಟೆಗೆ ಕಡಿಮೆ ಹೊತ್ತು ಕೊಡುತ್ತಾರೇನೋ ಎಂಬ ಅನುಮಾನವೂ ನಮಗಿದೆ. ಅಗ್ಗದ ಸಾಮಾನುಗಳಲ್ಲಿ ಬಹುಪಾಲು ಅಮೃತಶಿಲೆಯೇ ಅಲ್ಲ, ಬಳಪದ ಕಲ್ಲು. ಬೇಲೂರು ಹಳೇಬೀಡಿನವರ ಮುಂದೆ ಬಳಪದ ಕಲ್ಲನ್ನು ಅಮೃತಶಿಲೆ ಎಂದು ಮಾರುವುದೆಂದರೆ ಸಣ್ಣ ಧೈರ್ಯವಲ್ಲ. ತಳದಲ್ಲಿ ಉಗುರಿನಿಂದ ಗೀರಿ ನೋಡಿ. ಪುಡಿ ಬಂದರೆ ಬಳಪ. ಮೊಬೈಲಿನ ಟಾರ್ಚು ಹಿಂದಿನಿಂದ ಹಿಡಿದರೆ ತೆಳು ಅಮೃತಶಿಲೆ ಹಾಲಿನಂತೆ ಬೆಳಕು ಬಿಡುತ್ತದೆ, ಕೆಂಪು ಹಕೀಕು ಕೆಂಡದಂತೆ ಹೊಳೆಯುತ್ತದೆ. ಬಣ್ಣ ತುಂಬಿದ ಅಂಟಾದರೆ ಎಸಳಿನಿಂದ ಎಸಳಿಗೆ ಬಣ್ಣ ಒಂದಿಷ್ಟೂ ಬದಲಾಗುವುದಿಲ್ಲ. ಕೊಂಡ ಮೇಲೆ ಅಮೃತಶಿಲೆಯ ತಟ್ಟೆಯ ಮೇಲೆ ನಿಂಬೆಹಣ್ಣು ಕೊಯ್ಯಬೇಡಿ, ಹುಳಿಗೆ ಅದು ಕರಗಿ ಮಂಕಾಗುತ್ತದೆ.

ಖಾಸಗಿ ದರ್ಬಾರು ನಡೆಯುತ್ತಿದ್ದ ದಿವಾನ್ ಎ ಖಾಸ್ 1635ರದು. ಮುಂದಿನ ಜಗಲಿಯ ಅಂಚಿನಲ್ಲಿ ಹತ್ತು ಅಡಿಗೂ ಮಿಕ್ಕಿದ ಕಪ್ಪು ಹಾಸುಗಲ್ಲಿನ ಪೀಠವಿದೆ. ಜಹಾಂಗೀರ್ ಇನ್ನೂ ಸಲೀಮನಾಗಿದ್ದಾಗ, ಅಪ್ಪನ ಮೇಲೆ ತಿರುಗಿಬಿದ್ದು ಅಲಹಾಬಾದಿನಲ್ಲಿ ಕೂತಿದ್ದ ದಿನಗಳಲ್ಲಿ, 1602ರ ಸುಮಾರಿಗೆ ಮಾಡಿಸಿದ್ದು. ಅಂಚಿಗೆ ಪಾರ್ಸಿ ಬರಹವಿದೆ, ನಡುವೆ ಬಿರುಕಿದೆ. ಪರರಾಜ ಕೂತದ್ದಕ್ಕೆ ಕಲ್ಲು ಬಿರಿದು ರಕ್ತ ಸುರಿಯಿತೆಂದು ಕೆಂಪು ಕಲೆ ತೋರಿಸುತ್ತಾರೆ. ಕಬ್ಬಿಣದ ಅಂಶವಿರುವ ಕಪ್ಪು ಕಲ್ಲಿನಲ್ಲಿ ಅಂಥ ಕಲೆ ಬರುವುದು ಹೊಸದೇನಲ್ಲ. ಮಯೂರ ಸಿಂಹಾಸನವನ್ನು ದೆಹಲಿಯ ಕೆಂಪುಕೋಟೆಯಲ್ಲಿ ನೆನೆಯುವವರು ಅದನ್ನು ಷಹಜಹಾನ್ ಮೊದಲು ಏರಿದ್ದು 1635ರಲ್ಲಿ, ಆಗ್ರಾದಲ್ಲಿ ಎಂಬುದನ್ನೂ ನೆನೆಯಬೇಕು.

ಹೊರಡುವ ಮೊದಲು ದಿವಾನ್ ಎ ಆಮ್. ಸುಮಾರು 200 ಅಡಿ ಉದ್ದದ ತೆರೆದ ಸಭಾಂಗಣ, ಮುಂಭಾಗದಲ್ಲಿ ಒಂಬತ್ತು ಕಮಾನು. ತಂಡದಲ್ಲಿ ಹತ್ತಕ್ಕೆ ಒಂಬತ್ತು ಜನ ಇದನ್ನೂ ಅಮೃತಶಿಲೆ ಅಂದುಕೊಂಡೇ ಹೊರಬರುತ್ತಾರೆ. ಕಂಬದ ಬುಡದಲ್ಲಿ ಎಲ್ಲಾದರೂ ಚಕ್ಕೆ ಎದ್ದ ಜಾಗ ಹುಡುಕಿ, ಬಿಳುಪಿನ ಅಡಿಯಿಂದ ಕೆಂಪು ಇಣುಕುತ್ತದೆ. ಅದು ಮರಳುಗಲ್ಲಿಗೆ ಬಳಿದು, ನುಣುಪಾದ ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪೇರಿಸಿದ ಸುಣ್ಣದ ಗಾರೆ. ಚಕ್ರವರ್ತಿ ಕೂರುತ್ತಿದ್ದ ಗೂಡು ಮಾತ್ರ ನಿಜವಾದ ಅಮೃತಶಿಲೆ. ಜನ ನಿಲ್ಲುವ ಕಡೆ ಗಾರೆ, ತಾನು ಕೂರುವ ಕಡೆ ಕಲ್ಲು, ಷಹಜಹಾನನಿಗೂ ಬಜೆಟ್ಟಿತ್ತು. ಅಂಗಳದ ನಡುವೆ ಗೋಥಿಕ್ ರೀತಿಯ ಸಮಾಧಿ ಕಂಡು ಯಾರದೋ ಎಂದು ತಲೆ ಕೆರೆದುಕೊಳ್ಳುವವರಿಗೆ: 1857ರ ದಂಗೆಯಲ್ಲಿ ಕೋಟೆಯೊಳಗೆ ಆಶ್ರಯ ಪಡೆದು ಸೆಪ್ಟೆಂಬರಿನಲ್ಲಿ ತೀರಿಕೊಂಡ ಲೆಫ್ಟಿನೆಂಟ್ ಗವರ್ನರ್ ಜಾನ್ ರಸೆಲ್ ಕಾಲ್ವಿನ್‌ನದು. ಮೋತಿ ಮಸೀದಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಗುಮ್ಮಟಗಳು ದೂರದಿಂದ ಕಾಣುತ್ತವೆ.

ಇನ್ನೆರಡು ಮಾತು ಗೈಡುಗಳ ಬಗ್ಗೆ. ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಕಾರ್ಡು ಕೇಳಿ, ಹಣವನ್ನು ಬಾಗಿಲ ಹೊರಗೇ ನಿಗದಿ ಮಾಡಿ, ಅಂಗಡಿಗೆ ಕರೆದೊಯ್ಯುವಂತಿಲ್ಲ ಎಂದು ಆಗಲೇ ಹೇಳಿಬಿಡಿ. ಕೋಟೆಯಲ್ಲಿಟ್ಟಿರುವ ಗಜ್ನಿಯ ಬಾಗಿಲನ್ನು, ಮಹಮೂದ್ ಸೋಮನಾಥದಿಂದ ಒಯ್ದ ಶ್ರೀಗಂಧದ ಬಾಗಿಲೆಂದು ಹೇಳುವ ಗೈಡು ಸಿಕ್ಕರೆ ಉಳಿದದ್ದನ್ನೂ ಅಷ್ಟೇ ನಂಬಿ. 1842ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೋ ಹಾಗೆಂದು ಸಾರಿ ಅಫ್ಘಾನಿಸ್ತಾನದಿಂದ ಹೊರಿಸಿ ತಂದ. ನೋಡಿದರೆ ಶ್ರೀಗಂಧವಲ್ಲ, ದೇವದಾರು. ಶಿವಾಜಿಯನ್ನು ಈ ಕೋಟೆಯಲ್ಲಿ ಬಂಧಿಸಿಟ್ಟಿದ್ದರೆಂಬುದೂ ಸರಿಯಲ್ಲ. 1666ರ ಮೇ ತಿಂಗಳಲ್ಲಿ ದರ್ಬಾರಿಗೆ ಬಂದದ್ದು ಇಲ್ಲಿಗೆ, ಕಾವಲಿನಲ್ಲಿದ್ದದ್ದು ಮತ್ತು ತಪ್ಪಿಸಿಕೊಂಡದ್ದು ಕೋಟೆಯ ಹೊರಗಿನ ಬಿಡಾರದಿಂದ. ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ ಆತನ ತಂದೆ ಷಹಾಜಿಯ ಸಮಾಧಿ ನೋಡಿರುವ ನಮ್ಮವರಿಗೆ ಈ ವ್ಯತ್ಯಾಸ ಮುಖ್ಯ.

ಕೋಟೆಯೊಳಗೆ ತಿಂಡಿ ಪೊಟ್ಟಣ ಬಿಚ್ಚಿಸಬೇಡಿ, ಮಂಗಗಳಿವೆ. ಆಗ್ರಾದ ಸಿಹಿತಿಂಡಿ ಪೇಠಾದ ಡಬ್ಬಗಳನ್ನು ಕೋಟೆ ಮುಗಿಸಿದ ಮೇಲೆ ಕೊಳ್ಳಲಿ.

ಈಗ ನಿಮ್ಮ ಕರಪತ್ರ ತೆಗೆದುಕೊಳ್ಳಿ. ಆಗ್ರಾದ ಸಾಲಿನಲ್ಲಿ ಶಾಪಿಂಗಿನ ಒಂದೂವರೆ ಗಂಟೆಯನ್ನು ಮುಕ್ಕಾಲಕ್ಕೆ ಇಳಿಸಿ, ಮಥುರೆಯಿಂದ ಹೊರಡುವುದನ್ನು ಒಂದೂವರೆ ಗಂಟೆ ಹಿಂದಕ್ಕೆ ತನ್ನಿ. ಎರಡೂ ಸೇರಿ ಎರಡೂಕಾಲು ಗಂಟೆ ಆಯಿತು, ಈಗಿರುವ ಮುಕ್ಕಾಲು ಸೇರಿದರೆ ಮೂರು. ಮುಂದಿನ ದಸರಾ ರಜೆಯ ಬಸ್ಸುಗಳಿಗೆ ಅಚ್ಚು ಹಾಕಿಸುವಾಗ ಹೀಗೆ ಬರೆಸಿ: "ಆಗ್ರಾ ಕೋಟೆ, ಮಧ್ಯಾಹ್ನ 2ರಿಂದ 5."

ಇಂತು,
ಹಳೆಯ ಕಟ್ಟಡಗಳ ಅಧ್ಯಯನ ಮತ್ತು ದುರಸ್ತಿಯಲ್ಲಿ ತೊಡಗಿರುವ ಕೆಲವರು